ತುವಾಲು ಬಾವುಟದ ಒಂಬತ್ತು ನಕ್ಷತ್ರಗಳು: ನೆಲ ಮುಳುಗಿದರೆ ದೇಶ ಉಳಿಯುವುದೇ?

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದೇಶ ತುವಾಲುವಿನಿಂದ ಬಂದ ಸುದ್ದಿಯೊಂದು ಜಗತ್ತಿನ ಗಮನ ಸೆಳೆಯಿತು. ಎರಡೂ ದೇಶಗಳ ನಡುವಿನ ಒಪ್ಪಂದವೊಂದರ ಪ್ರಕಾರ, ವರ್ಷಕ್ಕೆ 280 ಮಂದಿ ತುವಾಲು ಪ್ರಜೆಗಳಿಗೆ ಕಾಯಂ ವಾಸದ ವೀಸಾ ಕೊಡಲು ಆಸ್ಟ್ರೇಲಿಯಾ ಚೀಟಿ ಎತ್ತುವ ವ್ಯವಸ್ಥೆಯನ್ನು ಆರಂಭಿಸಿತ್ತು. ಸುಮಾರು ಹತ್ತೂವರೆ ಸಾವಿರ ಜನರಿರುವ ದೇಶದಿಂದ, ಕುಟುಂಬದ ಸದಸ್ಯರನ್ನೂ ಸೇರಿಸಿ, 8,750 ಹೆಸರುಗಳು ನೋಂದಣಿಯಾದವು. ಒಂದು ದೇಶವೇ ಗುಳೆ ಹೊರಟಿದೆ ಎಂಬರ್ಥದ ಶೀರ್ಷಿಕೆಗಳು ಎಲ್ಲೆಡೆ ಬಂದವು. ಸುದ್ದಿಯೊಂದಿಗೆ ಪ್ರಕಟವಾದ ಆ ದೇಶದ ಬಾವುಟವನ್ನು ನೋಡಿದವರಿಗೆ ಗೊಂದಲ ಇನ್ನಷ್ಟು ಹೆಚ್ಚಿರಬೇಕು. ಮೂಲೆಯಲ್ಲಿ ಬ್ರಿಟನ್ನಿನ ಧ್ವಜ ಕಾಣುತ್ತದೆ, ಒಪ್ಪಂದ ನೋಡಿದರೆ ಆಸ್ಟ್ರೇಲಿಯಾ ಜತೆ ಆಗಿದೆ, ಹೇಳುವುದು ಮಾತ್ರ ಸ್ವತಂತ್ರ ದೇಶವೆಂದು. ಹಾಗಾದರೆ ಇದು ಯಾರ ನೆಲ, ಅದು ಮುಳುಗಿದ ಮೇಲೆ ಆ ಬಾವುಟಕ್ಕೂ ವಿಶ್ವಸಂಸ್ಥೆಯಲ್ಲಿನ ಆ ಸ್ಥಾನಕ್ಕೂ ಏನಾಗುತ್ತದೆ ಎಂಬ ಪ್ರಶ್ನೆಗಳು ಸಹಜವಾಗಿಯೇ ಎದ್ದವು.

ಈ ಪ್ರಶ್ನೆಗಳನ್ನು ಬಿಡಿಸಲು ಬಾವುಟದಿಂದಲೇ ಆರಂಭಿಸುವುದು ಒಳ್ಳೆಯದು. ತುವಾಲುವಿನ ಬಾವುಟ ಒಂದು ಭೂಪಟ. ದೇಶವೆಂದರೆ ನೆಲವೋ, ಕಡಲೋ, ಜನರೋ ಎಂದು ಇಂದು ಅಂತರರಾಷ್ಟ್ರೀಯ ಕಾನೂನಿನ ಅಂಗಳದಲ್ಲಿ ನಡೆಯುತ್ತಿರುವ ವಾದದ ಎಲ್ಲ ಅಂಶಗಳೂ ಆ ಭೂಪಟದಲ್ಲಿ ಮೊದಲೇ ಇವೆ.

ಬಾವುಟದಲ್ಲಿ ಏನಿದೆ

ಧ್ವಜದ ಹಿನ್ನೆಲೆ ತಿಳಿನೀಲಿ. ಅದು ಪೆಸಿಫಿಕ್ ಸಾಗರ. ಕಂಬದ ಕಡೆಯ ಮೇಲಿನ ಕಾಲುಭಾಗದಲ್ಲಿ ಯೂನಿಯನ್ ಜ್ಯಾಕ್ ಇದೆ. ಹಾರುವ ಕಡೆಯ ಅರ್ಧದಲ್ಲಿ ಐದು ಮೂಲೆಗಳ ಒಂಬತ್ತು ಹೊಂಬಣ್ಣದ ನಕ್ಷತ್ರಗಳಿವೆ. ಅವು ನಾನುಮೆಯಾ, ನಾನುಮಂಗಾ, ನಿಯುಟಾವೊ, ನುಯಿ, ವೈಟುಪು, ನುಕುಫೆಟಾವು, ಫುನಾಫುಟಿ, ನುಕುಲೇಲೇ ಮತ್ತು ನಿಯುಲಕಿಟಾ ಎಂಬ ಒಂಬತ್ತು ದ್ವೀಪಗಳನ್ನು ಸೂಚಿಸುತ್ತವೆ. ಮೊದಲ ನೋಟಕ್ಕೆ ಇವು ಎಲ್ಲೆಂದರಲ್ಲಿ ಚೆಲ್ಲಿದಂತೆ ಕಾಣುತ್ತವೆ, ಆದರೆ ಒಂದೊಂದು ನಕ್ಷತ್ರವೂ ತನ್ನ ದ್ವೀಪ ಉಳಿದವುಗಳಿಂದ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿನಲ್ಲಿದೆ.

ಈ ನಕ್ಷೆಯನ್ನು ಓದಲು ಒಂದು ಸೂಚನೆ ಬೇಕು: ಇಲ್ಲಿ ಮೇಲಿರುವುದು ಪೂರ್ವ ದಿಕ್ಕು. ನಮ್ಮ ಶಾಲೆಯ ಗೋಡೆಗಳ ಮೇಲಿನ ಭೂಪಟದಂತೆ ಉತ್ತರವನ್ನು ಮೇಲಿಟ್ಟರೆ ತುವಾಲುವಿನ ದ್ವೀಪಸಾಲು ವಾಯವ್ಯದ ನಾನುಮೆಯಾದಿಂದ ಆಗ್ನೇಯದ ನಿಯುಲಕಿಟಾದವರೆಗೆ ಓರೆಯಾಗಿ ಇಳಿಯುತ್ತದೆ. ಪೂರ್ವವನ್ನು ಮೇಲಿಟ್ಟಾಗ ಅದೇ ಸಾಲು ಎಡಗಡೆಯ ಕೆಳಭಾಗದಿಂದ ಬಲಗಡೆಯ ಮೇಲ್ಭಾಗಕ್ಕೆ ಏರುತ್ತದೆ. ಬಾವುಟದಲ್ಲಿ ನಕ್ಷತ್ರಗಳು ಮೇಲೇರುತ್ತಾ ಹೋಗುವುದಕ್ಕೆ ಕಾರಣ ಇದು.

ಈ ಭೂಪಟದಲ್ಲಿ ಅಳತೆ ಮಾತ್ರ ನಿಜವಾದುದಲ್ಲ. ದ್ವೀಪಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ, ಆದರೆ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ ಸಿಗುವುದು ಸುಮಾರು 26 ಚದರ ಕಿಲೋಮೀಟರ್. ಸರಿಯಾದ ಪ್ರಮಾಣದಲ್ಲಿ ಬರೆದಿದ್ದರೆ ಬಾವುಟ ಪೂರ್ತಿ ನೀಲಿಯಾಗಿರುತ್ತಿತ್ತು. ನೆಲ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹೀಗೆ ನೆಲವನ್ನು ಎಣಿಸಿ ತೋರಿಸುವ ಪದ್ಧತಿ ಪೆಸಿಫಿಕ್ ದೇಶಗಳಲ್ಲಿ ಬೇರೆಡೆಯೂ ಇದೆ. ನೌರು ದೇಶದ ಧ್ವಜದ ನಡುವೆ ಹಳದಿ ಗೆರೆಯೊಂದು ಹಾದುಹೋಗುತ್ತದೆ, ಅದು ಭೂಮಧ್ಯರೇಖೆ. ಅದರ ಕೆಳಗೇ ಇರುವ ಬಿಳಿಯ ನಕ್ಷತ್ರ ರೇಖೆಯ ತುಸು ದಕ್ಷಿಣಕ್ಕಿರುವ ನೌರು ದ್ವೀಪ, ನಕ್ಷತ್ರದ ಹನ್ನೆರಡು ಮೊನೆಗಳು ಅಲ್ಲಿನ ಹನ್ನೆರಡು ಬುಡಕಟ್ಟುಗಳು. ಕಿರಿಬಾಸ್ ಧ್ವಜದ ಸೂರ್ಯನಿಗೆ ಹದಿನೇಳು ಕಿರಣಗಳಿವೆ: ಗಿಲ್ಬರ್ಟ್ ಸಾಲಿನ ಹದಿನಾರು ದ್ವೀಪಗಳಿಗೆ ಹದಿನಾರು, ಬನಾಬಾಕ್ಕೆ ಒಂದು. ಮೈಕ್ರೊನೇಷ್ಯಾದ ನಾಲ್ಕು ನಕ್ಷತ್ರಗಳು ಅದರ ನಾಲ್ಕು ರಾಜ್ಯಗಳು. ಈ ಎಣಿಕೆಯ ಹಿಂದೆ ಅಲಂಕಾರಕ್ಕಿಂತ ದೊಡ್ಡ ಕಾರಣವಿದೆ. ನೂರಾರು ಕಿಲೋಮೀಟರ್ ನೀರು ನಡುವೆ ಇರುವ, ತಮ್ಮದೇ ಹಿರಿಯರ ಸಭೆ, ತಮ್ಮದೇ ವಂಶಕಥೆ ಇರುವ ದ್ವೀಪಗಳು ಒಂದು ದೇಶವಾಗಲು ಒಪ್ಪುವಾಗ, ಪ್ರತಿಯೊಂದಕ್ಕೂ ಬಾವುಟದಲ್ಲಿ ಸ್ಥಾನ ಸಿಗುವುದು ಆ ಒಪ್ಪಿಗೆಯ ಷರತ್ತಿನಂತೆಯೇ ಇರುತ್ತದೆ. ತುವಾಲುವಿನಲ್ಲಿ ಇಂದಿಗೂ ಪ್ರತಿ ದ್ವೀಪದ ಆಡಳಿತ ಫಲೆಕೌಪುಲೆ ಎಂಬ ಸಾಂಪ್ರದಾಯಿಕ ಸಭೆಯ ಕೈಯಲ್ಲಿದೆ.

ಎಂಟೋ, ಒಂಬತ್ತೋ

ಆದರೆ ಎಣಿಸುವುದು ಎಂದರೆ ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಯೂ ಹೌದು. ತುವಾಲು ಎಂಬ ಹೆಸರಿಗೆ "ಒಟ್ಟಾಗಿ ನಿಂತ ಎಂಟು" ಎಂಬ ಅರ್ಥವಿದೆ. ಪರಂಪರೆಯಿಂದ ಜನವಸತಿ ಇದ್ದದ್ದು ಎಂಟು ದ್ವೀಪಗಳಲ್ಲಿ. ಒಂಬತ್ತನೆಯದಾದ ನಿಯುಲಕಿಟಾ ತೀರಾ ಚಿಕ್ಕದು. 1949ರಲ್ಲಿ ನಿಯುಟಾವೊ ದ್ವೀಪದವರು ಅಲ್ಲಿಗೆ ಹೋಗಿ ನೆಲೆಸಿದರು. ಇಂದಿಗೂ ಅಲ್ಲಿರುವವರು ಕೆಲವೇ ಕುಟುಂಬಗಳು. ಹದಿನಾರು ಸದಸ್ಯರ ಸಂಸತ್ತಿನಲ್ಲಿ ಎಂಟು ದ್ವೀಪಗಳಿಗೆ ತಲಾ ಇಬ್ಬರು ಪ್ರತಿನಿಧಿಗಳಿದ್ದಾರೆ. ನಿಯುಲಕಿಟಾ ನಿಯುಟಾವೊ ಕ್ಷೇತ್ರಕ್ಕೆ ಸೇರುತ್ತದೆ. ಅಂದರೆ ಹೆಸರಿನಲ್ಲಿಯೂ ಸಂಸತ್ತಿನಲ್ಲಿಯೂ ಎಂಟು, ಬಾವುಟದಲ್ಲಿ ಮಾತ್ರ ಒಂಬತ್ತು.

ಬಾವುಟ ಜನವಸತಿಯ ಇತಿಹಾಸಕ್ಕಿಂತ ನೆಲದ ಲೆಕ್ಕವನ್ನೇ ಆಧಾರವಾಗಿ ಹಿಡಿದಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದು ಪುಟ್ಟ ಸಂಗತಿಯಂತೆ ತೋರಬಹುದು, ಆದರೆ 1995ರಲ್ಲಿ ಇದೇ ಸರ್ಕಾರಿ ತೀರ್ಮಾನವೊಂದರ ವಿಷಯವಾಯಿತು.

ಯೂನಿಯನ್ ಜ್ಯಾಕ್ ಇಳಿದು ಮತ್ತೆ ಏರಿದ್ದು

ಮೊದಲು ಹಿನ್ನೆಲೆ. ತುವಾಲುವಿನ ಹಳೆಯ ಹೆಸರು ಎಲಿಸ್ ದ್ವೀಪಗಳು. 1892ರಲ್ಲಿ ಬ್ರಿಟನ್ ಇವನ್ನು ಉತ್ತರದ ಗಿಲ್ಬರ್ಟ್ ದ್ವೀಪಗಳ ಜತೆ ಸೇರಿಸಿ ತನ್ನ ರಕ್ಷಣೆಯ ಪ್ರದೇಶವಾಗಿ ಮಾಡಿಕೊಂಡಿತು. 1916ರಲ್ಲಿ ಅದು ವಸಾಹತು ಆಯಿತು. ಗಿಲ್ಬರ್ಟಿನವರು ಮೈಕ್ರೊನೇಷ್ಯನ್ನರು, ಎಲಿಸಿನವರು ಪಾಲಿನೇಷ್ಯನ್ನರು. ಭಾಷೆ ಬೇರೆ, ಸಂಪ್ರದಾಯ ಬೇರೆ. ಸ್ವಾತಂತ್ರ್ಯ ಹತ್ತಿರವಾದಂತೆ, ತಾವು ಸಂಖ್ಯೆಯಲ್ಲಿ ಕಡಿಮೆಯಾಗಿ ಮೂಲೆಗುಂಪಾಗುತ್ತೇವೆ ಎಂಬ ಆತಂಕ ಎಲಿಸಿನವರಲ್ಲಿ ಬೆಳೆಯಿತು. 1974ರ ಜನಮತಗಣನೆಯಲ್ಲಿ 3,799 ಮಂದಿ ಬೇರೆಯಾಗುವುದರ ಪರವಾಗಿ, 293 ಮಂದಿ ವಿರುದ್ಧವಾಗಿ ಮತ ಹಾಕಿದರು. ಬೇರೆಯಾಗುವುದಕ್ಕೆ ಬೆಲೆ ತೆರಬೇಕಾಯಿತು. ವಸಾಹತಿನ ಮುಖ್ಯ ಆದಾಯವಾಗಿದ್ದ ಬನಾಬಾ ದ್ವೀಪದ ಫಾಸ್ಫೇಟ್ ಹಣದಲ್ಲಿ ತುವಾಲುವಿಗೆ ಪಾಲು ಸಿಗಲಿಲ್ಲ. ಕೈಗೆ ಬಂದ ದೊಡ್ಡ ಆಸ್ತಿ ಎಂದರೆ ಒಂದು ಹಡಗು. 1978ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಬಂದಾಗ ಒಂಬತ್ತು ನಕ್ಷತ್ರಗಳ ಈ ಬಾವುಟ ಏರಿತು.

ವಸಾಹತುಶಾಹಿಯಿಂದ ಬಿಡುಗಡೆಯಾದ ದೇಶ ಅದರ ಚಿಹ್ನೆಯನ್ನು ಏಕೆ ಉಳಿಸಿಕೊಂಡಿತು ಎಂಬ ಪ್ರಶ್ನೆ ಭಾರತದ ಓದುಗರಿಗೆ ಬೇಗ ಹೊಳೆಯುತ್ತದೆ. ನಮ್ಮಲ್ಲಿ ಯೂನಿಯನ್ ಜ್ಯಾಕ್ ಇಳಿಯುವುದೇ ಸ್ವಾತಂತ್ರ್ಯದ ಚಿತ್ರವಾಗಿತ್ತು. ತುವಾಲುವಿನ ಅನುಭವ ಬೇರೆ. ಅಲ್ಲಿನ ಜನರು 1970ರ ದಶಕದಲ್ಲಿ ಮುಖ್ಯವಾಗಿ ಬಿಡಿಸಿಕೊಳ್ಳಲು ಬಯಸಿದ್ದು ಗಿಲ್ಬರ್ಟ್ ದ್ವೀಪಗಳ ಜತೆಗಿನ ಗಂಟನ್ನು. ಆದಾಯವಿಲ್ಲದ ಹೊಸ ದೇಶಕ್ಕೆ ಬ್ರಿಟನ್ನಿನ ನಂಟು ಬೇಕಾಗಿತ್ತು. ಬ್ರಿಟಿಷ್ ಅರಸೊತ್ತಿಗೆಯನ್ನೇ ತುವಾಲು ಇಂದಿಗೂ ರಾಷ್ಟ್ರದ ಮುಖ್ಯಸ್ಥ ಸ್ಥಾನದಲ್ಲಿ ಇಟ್ಟುಕೊಂಡಿದೆ. ಆದರೆ ಆಡಳಿತ, ಕಾನೂನು, ವಿದೇಶಾಂಗ ನೀತಿ ಎಲ್ಲವೂ ರಾಜಧಾನಿ ಫುನಾಫುಟಿಯಲ್ಲೇ ತೀರ್ಮಾನವಾಗುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿಗಳ ಧ್ವಜಗಳಲ್ಲೂ ಯೂನಿಯನ್ ಜ್ಯಾಕ್ ಇದೆ; ಅವು ಯಾವುವೂ ಬ್ರಿಟನ್ನಿಗೆ ಅಧೀನವಲ್ಲ. ಬಾವುಟ ಇಲ್ಲಿ ಹೇಳುವುದು ಹಿಂದಿನ ಸಂಬಂಧವನ್ನು, ಇಂದಿನ ಅಧಿಕಾರವನ್ನಲ್ಲ.

1990ರ ದಶಕದಲ್ಲಿ ಪ್ರಧಾನಿ ಕಮುಟಾ ಲಾಟಾಸಿ ಅವರ ಸರ್ಕಾರ ಈ ಸಂಬಂಧದ ಗುರುತನ್ನು ಕಳಚಲು ಮುಂದಾಯಿತು. 1995ರ ಕೊನೆಯ ತಿಂಗಳುಗಳಲ್ಲಿ ಮೊದಲು ಒಂದು ನಕ್ಷತ್ರವನ್ನು ತೆಗೆದು, ದೇಶದ ಹೆಸರಿಗೆ ಹೊಂದುವಂತೆ ಎಂಟು ನಕ್ಷತ್ರಗಳ ಬಾವುಟವನ್ನು ತರಲಾಯಿತು. 1996ರ ಆರಂಭದಲ್ಲಿ ಪೂರ್ತಿ ಹೊಸ ವಿನ್ಯಾಸವೇ ಬಂತು: ಕೆಂಪು, ಬಿಳಿ, ನೀಲಿ ಅಡ್ಡಪಟ್ಟಿಗಳು, ಕಂಬದ ಕಡೆಯ ಬಿಳಿಯ ತ್ರಿಕೋನದಲ್ಲಿ ರಾಷ್ಟ್ರಲಾಂಛನ, ಎಂಟು ನಕ್ಷತ್ರಗಳು. ಯೂನಿಯನ್ ಜ್ಯಾಕ್ ಹೋಯಿತು. ಅದರ ಜತೆಗೇ ಸಾಗರದ ತಿಳಿನೀಲಿಯ ವಿಸ್ತಾರವೂ ಹೋಯಿತು ಎಂಬುದನ್ನು ಗಮನಿಸಬೇಕು.

ಈ ಬಾವುಟ ಬಹಳ ಕಾಲ ಬಾಳಲಿಲ್ಲ. 1996ರ ಡಿಸೆಂಬರಿನಲ್ಲಿ ಲಾಟಾಸಿ ಸರ್ಕಾರ ಅವಿಶ್ವಾಸ ಗೊತ್ತುವಳಿಯಲ್ಲಿ ಸೋತಿತು. ಬಿಕೆನಿಬೇವು ಪೈನಿಯು ಪ್ರಧಾನಿಯಾದರು. 1997ರ ಏಪ್ರಿಲ್‌ನಲ್ಲಿ ಒಂಬತ್ತು ನಕ್ಷತ್ರಗಳ ಹಳೆಯ ಬಾವುಟ ಮರಳಿತು. ರಾಜಕೀಯ ಪಕ್ಷಗಳೇ ಇಲ್ಲದ, ಎಲ್ಲರೂ ಎಲ್ಲರಿಗೂ ಗೊತ್ತಿರುವ ದೇಶದಲ್ಲಿ, ಜನರ ಮತವನ್ನು ಕೇಳದೆ ಮೇಲಿನಿಂದ ಬಂದ ಬದಲಾವಣೆ ಒಂದು ಸರ್ಕಾರದ ಆಯುಸ್ಸಿಗಿಂತ ಹೆಚ್ಚು ಉಳಿಯಲಿಲ್ಲ. 2008ರಲ್ಲಿ ಗಣರಾಜ್ಯವಾಗಬೇಕೇ ಎಂದು ಜನರನ್ನೇ ಕೇಳಿದಾಗ 679 ಮಂದಿ ಹೌದೆಂದರು, 1,260 ಮಂದಿ ಅರಸೊತ್ತಿಗೆಯೇ ಇರಲಿ ಎಂದರು. ಫಿಜಿಯಲ್ಲಿಯೂ ಇಂಥದ್ದೇ ನಡೆಯಿತು: 2015ರಲ್ಲಿ ಪ್ರಧಾನಿ ಬೈನಿಮರಾಮ ಹೊಸ ಧ್ವಜದ ಯೋಜನೆ ಪ್ರಕಟಿಸಿದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಗ್ಬಿ ತಂಡ ಚಿನ್ನ ಗೆದ್ದಾಗ ಜನರು ಹಳೆಯ ಬಾವುಟವನ್ನೇ ಬೀಸಿ ಸಂಭ್ರಮಿಸಿದ್ದನ್ನು ಕಂಡು ಸರ್ಕಾರವೇ ಯೋಜನೆಯನ್ನು ಕೈಬಿಟ್ಟಿತು.

ನಕ್ಷತ್ರಗಳ ಕೆಳಗಿನ ನೆಲ

ಒಂಬತ್ತು ನಕ್ಷತ್ರಗಳು ಸೂಚಿಸುವ ನೆಲ ಹೇಗಿದೆ? ತುವಾಲುವಿನ ಹೆಚ್ಚಿನ ದ್ವೀಪಗಳು ಹವಳದ ದಿಬ್ಬಗಳು ಬಳೆಯಂತೆ ಸುತ್ತುವರಿದು, ನಡುವೆ ಆಳವಿಲ್ಲದ ಕಡಲನ್ನು ಹಿಡಿದಿಟ್ಟುಕೊಂಡಂಥವು. ಅರಬ್ಬೀ ಸಮುದ್ರದ ಲಕ್ಷದ್ವೀಪವೂ ಇದೇ ಜಾತಿಯದು. ಅಲ್ಲಿನ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಭೂರಚನೆ ಒಂದೇ ಆದರೂ ರಾಜಕೀಯ ಪರಿಣಾಮ ಒಂದೇ ಅಲ್ಲ. ಲಕ್ಷದ್ವೀಪದವರಿಗೆ ಕಷ್ಟ ಬಂದರೆ ಮುಖ್ಯಭೂಮಿ ಇದೆ, ಅವರ ಪೌರತ್ವಕ್ಕೆ ಧಕ್ಕೆ ಇಲ್ಲ. ತುವಾಲುವಿಗೆ ಮುಖ್ಯಭೂಮಿಯೇ ಇಲ್ಲ.

ಇಡೀ ದೇಶದಲ್ಲಿ ಸಮುದ್ರಮಟ್ಟದಿಂದ 5 ಮೀಟರ್ ಎತ್ತರದ ಜಾಗ ಒಂದೂ ಇಲ್ಲ. ಫುನಾಫುಟಿಯಲ್ಲಿ ರಾಜಧಾನಿ ಇರುವ ಫೊಂಗಾಫಲೆ ಒಂದು ಕಿರಿದಾದ ಪಟ್ಟಿ. ಅದರ ಅತ್ಯಂತ ಅಗಲವಾದ ಭಾಗವನ್ನು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕಟ್ಟಿದ ರನ್‌ವೇ ಆವರಿಸಿದೆ. ಬೇರೆ ಬಯಲಿಲ್ಲದ ಕಾರಣ ವಿಮಾನವಿಲ್ಲದ ಹೊತ್ತಿನಲ್ಲಿ ಅದೇ ರನ್‌ವೇ ಮಕ್ಕಳಿಗೂ ದೊಡ್ಡವರಿಗೂ ಆಟದ ಮೈದಾನವಾಗುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 2023ರಲ್ಲಿ ನೀಡಿದ ಅಂದಾಜಿನ ಪ್ರಕಾರ, ಹಿಂದಿನ 30 ವರ್ಷಗಳಲ್ಲಿ ಇಲ್ಲಿ ಸಮುದ್ರಮಟ್ಟ ಸುಮಾರು 15 ಸೆಂಟಿಮೀಟರ್ ಏರಿದೆ. 2050ರ ಹೊತ್ತಿಗೆ ದೇಶದ ನೆಲದ ಬಹುಭಾಗವೂ ಮುಖ್ಯ ಕಟ್ಟಡ, ರಸ್ತೆಗಳೂ ಇಂದಿನ ಉಬ್ಬರದ ಮಟ್ಟಕ್ಕಿಂತ ಕೆಳಗಿರುತ್ತವೆ ಎಂದೂ ಅದು ಅಂದಾಜಿಸಿದೆ.

ಇದಕ್ಕೆ ವಿರುದ್ಧವೆಂದು ಕೆಲವರು ಮುಂದಿಡುವ ಸಂಶೋಧನೆಯೊಂದಿದೆ. ಆಕ್ಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1971ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿ, ತುವಾಲುವಿನ 101 ದ್ವೀಪ ಮತ್ತು ದಿಬ್ಬಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆದಿವೆ, ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿದೆ ಎಂದು 2018ರಲ್ಲಿ ತೋರಿಸಿದರು. ಅಲೆಗಳು ಹವಳದ ಪುಡಿಯನ್ನು ದಡಕ್ಕೆ ತಂದು ಒಟ್ಟುವುದರಿಂದ ಇದು ಆಗುತ್ತದೆ. ಈ ಸಂಶೋಧನೆಯನ್ನು ಬದಿಗೆ ಸರಿಸುವುದು ತಪ್ಪು, ಅದರಿಂದ ಅಪಾಯವೇ ಇಲ್ಲವೆಂದು ತೀರ್ಮಾನಿಸುವುದೂ ತಪ್ಪು. ಮರಳಿನ ವಿಸ್ತೀರ್ಣ ಹೆಚ್ಚಿದ ಮಾತ್ರಕ್ಕೆ ಅಲ್ಲಿ ಬದುಕಲು ಆಗುತ್ತದೆ ಎಂದಲ್ಲ. ತುವಾಲುವಿನಲ್ಲಿ ಪುಲಾಕಾ ಎಂಬ ಕೆಸುವಿನ ಜಾತಿಯ ಗಡ್ಡೆಯನ್ನು ಬೆಳೆಯುತ್ತಾರೆ. ಹವಳದ ನೆಲವನ್ನು ಆಳವಾಗಿ ತೋಡಿ, ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಸಿಹಿನೀರಿನ ಪದರದವರೆಗೆ ಇಳಿದು, ಆ ಗುಂಡಿಗೆ ಎಲೆಗೊಬ್ಬರ ತುಂಬಿ ಸಸಿ ನೆಡುತ್ತಾರೆ. ಸಮುದ್ರಮಟ್ಟ ಏರಿದಂತೆ ಉಪ್ಪುನೀರು ಕೆಳಗಿನಿಂದಲೇ ಈ ಗುಂಡಿಗಳಿಗೆ ನುಗ್ಗುತ್ತದೆ, ಗಡ್ಡೆ ಕೊಳೆಯುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಫುನಾಫುಟಿಯಲ್ಲಿ ನೀರು ಕಡಲ ಕಡೆಯಿಂದ ಬರುವುದಕ್ಕೆ ಕಾಯುವುದಿಲ್ಲ, ನೆಲದೊಳಗಿಂದಲೇ ಜಿನುಗುತ್ತದೆ. ನೆಲ ಕಣ್ಮರೆಯಾಗುವುದಕ್ಕೆ ಬಹಳ ಮೊದಲೇ ನೀರು, ಬೆಳೆ, ವಾಸ ಕೈತಪ್ಪಬಹುದು ಎಂಬುದೇ ಇಲ್ಲಿನ ನಿಜವಾದ ಅಪಾಯ.

ಈ ನಡುವೆ ತುವಾಲು ಕೈಕಟ್ಟಿ ಕುಳಿತಿಲ್ಲ. ಹಸಿರು ಹವಾಮಾನ ನಿಧಿಯ ನೆರವಿನ ಯೋಜನೆಯಲ್ಲಿ ಫುನಾಫುಟಿಯ ಒಳಕಡಲಿನಿಂದ ಮರಳೆತ್ತಿ ಏಳು ಹೆಕ್ಟೇರಿಗೂ ಹೆಚ್ಚು ಎತ್ತರದ ಹೊಸ ನೆಲವನ್ನು ನಿರ್ಮಿಸಲಾಗಿದೆ.

ನೀಲಿಯ ಬೆಲೆ

ಬಾವುಟದಲ್ಲಿ ಕಣ್ಣು ನಕ್ಷತ್ರಗಳ ಮೇಲೆ ನಿಲ್ಲುತ್ತದೆ, ಆದರೆ ತುವಾಲುವಿನ ಸಂಪತ್ತು ಇರುವುದು ನೀಲಿಯಲ್ಲಿ. ಸಮುದ್ರ ಕಾನೂನಿನ ಪ್ರಕಾರ ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ವಿಶೇಷ ಆರ್ಥಿಕ ವಲಯದ ಮೀನು ಮತ್ತು ಖನಿಜಗಳ ಮೇಲೆ ಆ ದೇಶಕ್ಕೆ ಹಕ್ಕಿದೆ. 26 ಚದರ ಕಿಲೋಮೀಟರ್ ನೆಲದ ತುವಾಲುವಿಗೆ ಹೀಗೆ ಸಿಗುವ ಕಡಲು ಏಳು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಇದು ಕರ್ನಾಟಕದ ವಿಸ್ತೀರ್ಣದ ಮೂರೂವರೆ ಪಟ್ಟಿಗೂ ಮಿಕ್ಕಿದ್ದು. ಇಲ್ಲಿ ಟ್ಯೂನಾ ಮೀನು ಹಿಡಿಯಲು ಬರುವ ವಿದೇಶಿ ಹಡಗುಗಳು ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಟ್ಯೂನಾ ಹಿಡಿಯುವುದನ್ನು ಸೇರಿ ನಿಯಂತ್ರಿಸುವ ಪೆಸಿಫಿಕ್ ದೇಶಗಳ ಕೂಟವಾದ ನೌರು ಒಪ್ಪಂದದ ದೇಶಗಳು ಒಟ್ಟಾಗಿ ನಿಗದಿಪಡಿಸಿದ ಕನಿಷ್ಠ ದರ ಹಡಗೊಂದಕ್ಕೆ ದಿನಕ್ಕೆ 8,000 ಅಮೆರಿಕನ್ ಡಾಲರ್. ತುವಾಲು ಸರ್ಕಾರದ ಆದಾಯದ ಮುಖ್ಯ ಮೂಲ ಇದು; ಅಂತರ್ಜಾಲದಲ್ಲಿ ತುವಾಲುವಿನ ಪಾಲಿಗೆ ಬಂದಿರುವ ಡಾಟ್ ಟಿವಿ (.tv) ವಿಳಾಸಗಳಿಂದ ಬರುವ ಹಣ ಅದರ ನಂತರದ್ದು.

ತೊಡಕು ಇಲ್ಲಿದೆ. ಕಡಲಿನ ಹಕ್ಕನ್ನು ಅಳೆಯುವುದು ನೆಲದಿಂದ. ದಡ ಹಿಂದೆ ಸರಿದರೆ ಅಳತೆಯ ಗೆರೆಯೂ ಸರಿಯಬೇಕೇ? ಮನುಷ್ಯರು ವಾಸಿಸಲಾಗದ, ಸ್ವಂತ ಆರ್ಥಿಕ ಜೀವನವಿಲ್ಲದ ಬಂಡೆಗಳಿಗೆ ವಿಶೇಷ ಆರ್ಥಿಕ ವಲಯವಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಕುಡಿಯುವ ನೀರು ಕೆಟ್ಟು ಜನ ಹೊರಟುಹೋದ ದ್ವೀಪ ನಾಳೆ ಬಂಡೆ ಎನಿಸಿಕೊಂಡರೆ, ನಕ್ಷತ್ರದ ಜತೆ ಅದರ ಸುತ್ತಲಿನ ನೀಲಿಯೂ ಕೈಬಿಡುತ್ತದೆ. ತುವಾಲು ತನ್ನ ಗಡಿಗಳನ್ನು ಈಗಲೇ ಶಾಶ್ವತಗೊಳಿಸಲು ಅವಸರಪಡುತ್ತಿರುವುದು ಈ ಕಾರಣಕ್ಕೆ.

ಕಾನೂನು ಏನು ಹೇಳುತ್ತದೆ

ದೇಶ ಎಂದರೆ ಏನು ಎಂಬುದಕ್ಕೆ ಸಾಮಾನ್ಯವಾಗಿ ಉಲ್ಲೇಖಿಸುವುದು 1933ರ ಮಾಂಟೆವಿಡಿಯೊ ಒಡಂಬಡಿಕೆಯನ್ನು. ಕಾಯಂ ಜನಸಂಖ್ಯೆ, ನಿರ್ದಿಷ್ಟ ಭೂಪ್ರದೇಶ, ಸರ್ಕಾರ ಮತ್ತು ಇತರ ದೇಶಗಳ ಜತೆ ವ್ಯವಹರಿಸುವ ಸಾಮರ್ಥ್ಯ ಎಂಬ ನಾಲ್ಕು ಲಕ್ಷಣಗಳನ್ನು ಅದು ಹೇಳುತ್ತದೆ. ಇದನ್ನು ಅಕ್ಷರಶಃ ಓದುವವರ ಪ್ರಕಾರ ನೆಲವಿಲ್ಲದ ದೇಶ ಇರಲಾರದು. ಇನ್ನೊಂದು ಪಕ್ಷದ ವಾದ ಹೀಗಿದೆ: ಈ ಲಕ್ಷಣಗಳು ದೇಶವೊಂದು ಹುಟ್ಟಲು ಬೇಕಾದವು, ಹುಟ್ಟಿದ ದೇಶ ಅಳಿಯಲು ಇವುಗಳಲ್ಲಿ ಒಂದು ಕುಂದಿದರೆ ಸಾಕು ಎಂದು ಎಲ್ಲಿಯೂ ಹೇಳಿಲ್ಲ. ಅವರು ಕೊಡುವ ಉದಾಹರಣೆಗಳಲ್ಲಿ ಬಾಲ್ಟಿಕ್ ದೇಶಗಳು ಮುಖ್ಯವಾದವು. 1940ರಲ್ಲಿ ಸೋವಿಯತ್ ಒಕ್ಕೂಟ ಲಾಟ್ವಿಯಾ, ಲಿಥುವೇನಿಯಾ, ಎಸ್ಟೋನಿಯಾಗಳನ್ನು ಸೇರಿಸಿಕೊಂಡಿತು. ಅಮೆರಿಕ ಅದನ್ನು ಮಾನ್ಯ ಮಾಡಲಿಲ್ಲ; ಲಾಟ್ವಿಯಾ, ಲಿಥುವೇನಿಯಾಗಳ ರಾಜತಾಂತ್ರಿಕ ಕಚೇರಿಗಳು ವಾಷಿಂಗ್ಟನ್ನಿನಲ್ಲಿ ಅರ್ಧ ಶತಮಾನ ತಮ್ಮ ತಮ್ಮ ಧ್ವಜದಡಿ ನಡೆದವು. ಆದರೆ ಈ ಹೋಲಿಕೆಗೆ ಮಿತಿಯಿದೆ. ಅಲ್ಲಿ ನೆಲ ಪರರ ಕೈಯಲ್ಲಿತ್ತು, ಮರಳಿ ಸಿಗುವ ಸಾಧ್ಯತೆಯಿತ್ತು. ನೀರಿನಡಿ ಹೋದ ನೆಲಕ್ಕೆ ಆ ಭರವಸೆ ಇಲ್ಲ.

ತುವಾಲು ತನ್ನ ಉತ್ತರವನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಹವಾಮಾನ ಬದಲಾವಣೆಯಿಂದಲೋ ಬೇರೆ ಕಾರಣದಿಂದಲೋ ಭೂಪ್ರದೇಶ ನಷ್ಟವಾದರೂ ತುವಾಲು ದೇಶ ಶಾಶ್ವತವಾಗಿ ಮುಂದುವರಿಯುತ್ತದೆ; ಅದರ ಕಡಲಗಡಿಗಳೂ ಬದಲಾಗುವುದಿಲ್ಲ. ಆದರೆ ಒಂದು ದೇಶ ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ಇತರರನ್ನು ಕಟ್ಟಿಹಾಕುವುದಿಲ್ಲ. ಅವರ ಮಾನ್ಯತೆ ಬೇಕು. ಅದೇ ವರ್ಷ ಪೆಸಿಫಿಕ್ ದ್ವೀಪಗಳ ವೇದಿಕೆಯ ದೇಶಗಳು ಈ ನಿಲುವನ್ನು ಒಟ್ಟಾಗಿ ಘೋಷಿಸಿದವು.

ನಂತರ 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನ ಬದಲಾವಣೆಯ ಕುರಿತು ಸಲಹಾ ಅಭಿಪ್ರಾಯ ನೀಡಿತು. ಒಮ್ಮೆ ಸ್ಥಾಪನೆಯಾದ ದೇಶದ ಘಟಕಾಂಶಗಳಲ್ಲಿ ಒಂದು ಕಣ್ಮರೆಯಾದರೆ ಅದರ ದೇಶತ್ವ ಅನಿವಾರ್ಯವಾಗಿ ನಷ್ಟವಾಗುವುದಿಲ್ಲ ಎಂದು ಅದು ಹೇಳಿತು; ಕಡಲಗಡಿಯ ಗೆರೆಗಳನ್ನು ಒಮ್ಮೆ ಸರಿಯಾಗಿ ದಾಖಲಿಸಿದ ಮೇಲೆ ಸಮುದ್ರಮಟ್ಟ ಏರಿತೆಂದು ಅವನ್ನು ತಿದ್ದಬೇಕಾಗಿಲ್ಲ ಎಂದೂ ಸ್ಪಷ್ಟಪಡಿಸಿತು. ತುವಾಲುವಿನ ಪಾಲಿಗೆ ಇದು ದೊಡ್ಡ ಗೆಲುವು. ಆದರೂ ವಾಕ್ಯವನ್ನು ಎಚ್ಚರದಿಂದ ಓದಬೇಕು. "ಅನಿವಾರ್ಯವಾಗಿ" ಎಂಬ ಮಾತು ಬಾಗಿಲನ್ನು ತೆರೆದಿದೆ, ಒಳಗೆ ಸ್ಥಾನ ಖಚಿತ ಎಂದು ಹೇಳಿಲ್ಲ. ನ್ಯಾಯಾಲಯ ಹೇಳಿದ್ದು ಒಂದು ಅಂಶ ಇಲ್ಲವಾದ ಸ್ಥಿತಿಯ ಬಗ್ಗೆ. ನೆಲದ ಜತೆ ಜನರೂ ಚದುರಿದರೆ ಎರಡು ಅಂಶಗಳು ಒಟ್ಟಿಗೆ ಸಡಿಲವಾಗುತ್ತವೆ.

ಫಲೆಪಿಲಿ ಒಪ್ಪಂದದ ಎರಡು ಮುಖ

ವೀಸಾ ಸುದ್ದಿಯ ಮೂಲ ಫಲೆಪಿಲಿ ಒಪ್ಪಂದ. 2023ರ ನವೆಂಬರಿನಲ್ಲಿ ಕುಕ್ ದ್ವೀಪಗಳ ರರೊಟೊಂಗಾದಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಆಂಥನಿ ಆಲ್ಬನೀಸ್ ಮತ್ತು ಆಗಿನ ತುವಾಲು ಪ್ರಧಾನಿ ಕೌಸಿಯಾ ನಟಾನೊ ಇದನ್ನು ಪ್ರಕಟಿಸಿದರು; 2024ರ ಆಗಸ್ಟ್ 28ರಂದು ಜಾರಿಗೆ ಬಂತು. ಸಮುದ್ರಮಟ್ಟ ಏರಿದರೂ ತುವಾಲುವಿನ ದೇಶತ್ವ ಮತ್ತು ಸಾರ್ವಭೌಮತ್ವ ಮುಂದುವರಿಯುತ್ತವೆ ಎಂದು ಆಸ್ಟ್ರೇಲಿಯಾ ಇದರಲ್ಲಿ ಒಪ್ಪಿಕೊಂಡಿದೆ. ವೀಸಾ ಪಡೆದವರು ಅಲ್ಲಿ ನೆಲೆಸಬಹುದು, ಓದಬಹುದು, ದುಡಿಯಬಹುದು, ಬೇಕೆಂದಾಗ ತಾಯ್ನಾಡಿಗೆ ಹೋಗಿಬರಬಹುದು. ಇದು ದೇಶವನ್ನು ತೆರವುಗೊಳಿಸುವ ಯೋಜನೆ ಎಂಬ ಗ್ರಹಿಕೆ ಆದ್ದರಿಂದ ಸರಿಯಲ್ಲ. ನೋಂದಣಿಯ ಶುಲ್ಕ 25 ಆಸ್ಟ್ರೇಲಿಯನ್ ಡಾಲರ್ ಮಾತ್ರ. ಹೆಸರು ಕೊಟ್ಟವರೆಲ್ಲ ಮನೆ ಬಿಟ್ಟು ಹೊರಟವರು ಎಂದು ಎಣಿಸಲಾಗದು. ಮಕ್ಕಳ ಓದು, ಚಿಕಿತ್ಸೆ, ಕೆಲಸಕ್ಕೆ ಒಂದು ದಾರಿ ತೆರೆದಿರಲಿ ಎಂದು ಹೆಸರು ಬರೆಸಿದವರೂ ಅವರಲ್ಲಿ ಇರುತ್ತಾರೆ.

ಆಕ್ಷೇಪ ಇರುವುದು ನಾಲ್ಕನೇ ವಿಧಿಗೆ. ಭದ್ರತೆ ಮತ್ತು ರಕ್ಷಣೆಗೆ ಸಂಬಂಧಿಸಿ ತುವಾಲು ಬೇರೆ ಯಾವ ದೇಶದ ಜತೆ ಒಡಂಬಡಿಕೆ ಮಾಡಿಕೊಳ್ಳಬೇಕಾದರೂ ಆಸ್ಟ್ರೇಲಿಯಾದ ಸಮ್ಮತಿ ಬೇಕು. ತೈವಾನನ್ನು ಮಾನ್ಯ ಮಾಡಿರುವ ಬೆರಳೆಣಿಕೆಯ ದೇಶಗಳಲ್ಲಿ ತುವಾಲು ಒಂದು. 2024ರ ಜನವರಿಯಲ್ಲಿ ನೌರು ತೈವಾನನ್ನು ಬಿಟ್ಟು ಚೀನಾದ ಕಡೆ ಹೋದದ್ದನ್ನು ನೆನೆದರೆ ಆಸ್ಟ್ರೇಲಿಯಾದ ಆಸಕ್ತಿ ಏನೆಂದು ಊಹಿಸುವುದು ಕಷ್ಟವಲ್ಲ. ಒಪ್ಪಂದದ ಬೆಂಬಲಿಗರು, ನೆರೆಯ ದೊಡ್ಡ ದೇಶ ಕಾನೂನಿನ ಕಟ್ಟಿಗೆ ಒಳಪಟ್ಟು ಕೈಹಿಡಿಯುವುದು ಅಪರೂಪ ಎನ್ನುತ್ತಾರೆ. ಮಾಜಿ ಪ್ರಧಾನಿ ಎನೆಲೆ ಸೊಪೊಅಗಾ ಅವರಂಥ ಟೀಕಾಕಾರರು, ಸಾರ್ವಭೌಮತ್ವವನ್ನು ಉಳಿಸುವ ಹೆಸರಿನಲ್ಲಿ ಅದರ ಒಂದು ಭಾಗವನ್ನು ಒಪ್ಪಿಸಲಾಗಿದೆ ಎನ್ನುತ್ತಾರೆ. 2024ರ ಚುನಾವಣೆಯಲ್ಲಿ ನಟಾನೊ ತಮ್ಮ ಸ್ಥಾನವನ್ನೇ ಕಳೆದುಕೊಂಡರು. ಫೆಲೆಟಿ ಟೆಯೊ ಅವರ ಹೊಸ ಸರ್ಕಾರ, ಒಪ್ಪಂದದಲ್ಲಿ ಪಾರದರ್ಶಕತೆಯೂ ಜನರೊಂದಿಗಿನ ಸಮಾಲೋಚನೆಯೂ ಇರಲಿಲ್ಲವೆಂದು ಒಪ್ಪಿಕೊಂಡೇ ಅದನ್ನು ಮುಂದುವರಿಸಿತು. 1990ರ ದಶಕದ ಬಾವುಟದ ಪ್ರಕರಣ ಇಲ್ಲಿ ಉಪಯುಕ್ತ ಪಾಠ: ಎರಡರಲ್ಲೂ ಅಸಮಾಧಾನದ ಬೇರು ತೀರ್ಮಾನದಲ್ಲಿರುವಷ್ಟೇ ಅದನ್ನು ಮಾಡಿದ ರೀತಿಯಲ್ಲಿಯೂ ಇದೆ.

ಹಡಗುಗಳ ಮೇಲಿನ ಬಾವುಟ

ಬಾವುಟಕ್ಕೆ ಸಾಂಕೇತಿಕ ಬೆಲೆಯಷ್ಟೇ ಅಲ್ಲ, ವ್ಯವಹಾರದ ಬೆಲೆಯೂ ಇದೆ. ಹಡಗು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶದ ರಾಷ್ಟ್ರೀಯತೆ ಅದಕ್ಕೆ ಸಲ್ಲುತ್ತದೆ, ಆ ದೇಶದ ಕಾನೂನು ಅದಕ್ಕೆ ಅನ್ವಯಿಸುತ್ತದೆ. ತುವಾಲುವಿನ ಹಡಗು ನೋಂದಣಿ ಕಚೇರಿ ಸಿಂಗಪುರದಿಂದ ಕೆಲಸ ಮಾಡುತ್ತದೆ; ಫುನಾಫುಟಿಯನ್ನು ಎಂದೂ ಕಾಣದ ಹಡಗುಗಳು ಶುಲ್ಕ ಕೊಟ್ಟು ಒಂಬತ್ತು ನಕ್ಷತ್ರಗಳ ಧ್ವಜ ಹಾರಿಸುತ್ತವೆ. ಇದರ ಅಪಾಯ 2012ರಲ್ಲಿ ಕಂಡಿತು. ನಿರ್ಬಂಧಗಳಿಂದ ತಪ್ಪಿಸಿಕೊಳ್ಳಲು ಇರಾನಿನ ತೈಲ ಹಡಗುಗಳು ತುವಾಲು ಧ್ವಜಕ್ಕೆ ಬದಲಾದವು; ಅಮೆರಿಕದ ಒತ್ತಡ ಬಂದ ಮೇಲೆ ತುವಾಲು ಆ ನೋಂದಣಿಯನ್ನು ರದ್ದುಪಡಿಸಿತು. ನೆಲದ ಮೇಲೆ ಕಾಲಿಡದೆಯೇ ಒಂದು ಬಾವುಟ ಸಾಗರಗಳ ಮೇಲೆ ಕಾನೂನಿನ ಬಲ ಹೊಂದಬಹುದು ಎಂಬುದಕ್ಕೆ ಇದು ಜೀವಂತ ಉದಾಹರಣೆ. ಹಾಗೆಯೇ, ಆ ಬಲ ನಿಂತಿರುವುದು ಇತರ ದೇಶಗಳು ಅದನ್ನು ಮನ್ನಿಸುವವರೆಗೆ ಮಾತ್ರ ಎಂಬುದಕ್ಕೂ.

ಮುಂದೇನು

ಸದ್ಯಕ್ಕೆ ತುವಾಲುವಿನ ವಿಶ್ವಸಂಸ್ಥೆಯ ಸ್ಥಾನಕ್ಕೆ ತಕ್ಷಣದ ಅಪಾಯವಿಲ್ಲ. 2000ನೇ ಇಸವಿಯಲ್ಲಿ ಅದು ಸದಸ್ಯ ದೇಶವಾಯಿತು. ನೆಲ ಕಳೆದುಕೊಂಡ ದೇಶವನ್ನು ಸದಸ್ಯತ್ವದಿಂದ ತಾನಾಗಿ ಕೈಬಿಡುವ ನಿಯಮ ಸನ್ನದಿನಲ್ಲಿಲ್ಲ. ಒತ್ತಡ ಮೊದಲು ಬರುವುದು ಜನಸಂಖ್ಯೆಯ ಮೇಲೆ. ವರ್ಷಕ್ಕೆ 280 ಎಂದರೆ ಜನಸಂಖ್ಯೆಯ ಶೇ 2.5ಕ್ಕಿಂತ ತುಸು ಹೆಚ್ಚು. ನ್ಯೂಜಿಲೆಂಡಿನ ಪ್ರತ್ಯೇಕ ಯೋಜನೆಯಲ್ಲಿ ವರ್ಷಕ್ಕೆ ಇನ್ನೂ 75 ಮಂದಿಗೆ ಅವಕಾಶವಿದೆ. ಯಾರೂ ಮರಳದಿದ್ದರೆ ಹತ್ತು ವರ್ಷದಲ್ಲಿ ಹೊರಹೋಗುವವರು ಮೂರು ಸಾವಿರ ದಾಟುತ್ತಾರೆ. ಸಂಖ್ಯೆಗಿಂತಲೂ ಮುಖ್ಯ, ಯಾರು ಹೋಗುತ್ತಾರೆ ಎಂಬುದು. ಪುಟ್ಟ ದ್ವೀಪವೊಂದರಿಂದ ಒಬ್ಬ ದಾದಿ, ಇಬ್ಬರು ಶಿಕ್ಷಕರು, ಹಡಗಿನ ಯಂತ್ರ ಬಲ್ಲ ಒಬ್ಬ ಮೆಕ್ಯಾನಿಕ್ ಹೊರಟರೆ ಉಳಿದವರ ಬದುಕೂ ಅಲ್ಲಿ ಕಷ್ಟವಾಗುತ್ತದೆ, ಅದು ಅವರನ್ನೂ ಹೊರಡಿಸುತ್ತದೆ. ನೀರು ತಲುಪುವ ಮೊದಲೇ ದ್ವೀಪ ಬರಿದಾಗುವ ದಾರಿ ಇದು. ಫಲೆಪಿಲಿ ಯೋಜನೆಯ ಯಶಸ್ಸನ್ನು ಎಷ್ಟು ಮಂದಿ ಆಸ್ಟ್ರೇಲಿಯಾಕ್ಕೆ ಬಂದರು ಎಂಬುದರಿಂದ ಅಳೆದರೆ ಸಾಲದು. ಎಷ್ಟು ಮಂದಿ ಹೋಗಿ ಬರುತ್ತಿದ್ದಾರೆ ಎಂಬುದನ್ನೂ ನೋಡಬೇಕು.

ಇನ್ನೊಂದು ಪ್ರಯತ್ನ ಡಿಜಿಟಲ್ ದೇಶದ್ದು. 2021ರ ಗ್ಲಾಸ್ಗೊ ಹವಾಮಾನ ಸಮ್ಮೇಳನಕ್ಕೆ ಆಗಿನ ವಿದೇಶಾಂಗ ಸಚಿವ ಸೈಮನ್ ಕೋಫೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡಿದ ಭಾಷಣದ ವಿಡಿಯೊ ಕಳುಹಿಸಿದ್ದರು. ಮರುವರ್ಷ ಅವರು, ತುವಾಲುವಿನ ದ್ವೀಪಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ, ದಾಖಲೆಗಳನ್ನೂ ಸರ್ಕಾರದ ಸೇವೆಗಳನ್ನೂ ಅಲ್ಲಿಗೆ ಸಾಗಿಸುವ ಯೋಜನೆ ಪ್ರಕಟಿಸಿದರು; ಮೊದಲು ಆರಿಸಿಕೊಂಡದ್ದು ಟೆ ಅಫುವಾಲಿಕು ಎಂಬ ಪುಟ್ಟ ದಿಬ್ಬವನ್ನು. ದಾಖಲೆ ಉಳಿಸಲು ಇದು ಬೇಕೇ ಬೇಕು. ಆದರೆ ಪುಲಾಕಾ ಗುಂಡಿಯ ಒಡೆತನ, ಹಿರಿಯರ ಸಭೆಯಲ್ಲಿ ಕೂರುವ ಹಕ್ಕು ನೆಲಕ್ಕೂ ವಂಶಕ್ಕೂ ಅಂಟಿಕೊಂಡಿರುವಂಥವು. ಅವನ್ನು ಪರದೆಯ ಮೇಲೆ ನಡೆಸುವುದು ಹೇಗೆಂದು ತೋರಿಸುವ ಮಾದರಿ ಜಗತ್ತಿನಲ್ಲಿ ಇನ್ನೂ ಇಲ್ಲ.

ಹತ್ತಿರದ ದಿನಗಳಲ್ಲಿ ಗಮನಿಸಬೇಕಾದದ್ದು ಮತದಾನದ ಪ್ರಶ್ನೆ. ತುವಾಲುವಿನ ಸಂಸತ್ತು ದ್ವೀಪವಾರು ಕ್ಷೇತ್ರಗಳ ಮೇಲೆ ನಿಂತಿದೆ. ನುಕುಲೇಲೇ ದ್ವೀಪದವರು ದ್ವೀಪದಲ್ಲಿರುವುದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಆಸ್ಟ್ರೇಲಿಯಾದಲ್ಲಿರುವ ದಿನ ಬಂದರೆ, ಆ ಕ್ಷೇತ್ರದ ಇಬ್ಬರು ಪ್ರತಿನಿಧಿಗಳನ್ನು ಆರಿಸುವವರು ಯಾರು, ದೂರದಿಂದ ಮತ ಹಾಕುವವರಿಗೆ ಮೀನಿನ ಶುಲ್ಕದ ಹಣದಲ್ಲಿ ಪಾಲೆಷ್ಟು, ದ್ವೀಪದಲ್ಲೇ ಉಳಿದು ತಡೆಗೋಡೆ ಕಟ್ಟುವವರ ಮಾತಿಗೆ ತೂಕವೆಷ್ಟು ಎಂಬುದನ್ನು ಫುನಾಫುಟಿಯ ಹದಿನಾರು ಸದಸ್ಯರು ಮತ್ತು ದ್ವೀಪಗಳ ಫಲೆಕೌಪುಲೆಗಳು ಕೂತು ತೀರ್ಮಾನಿಸಬೇಕಾಗುತ್ತದೆ. ಅದನ್ನು ನ್ಯಾಯಾಲಯವೂ ಆಸ್ಟ್ರೇಲಿಯಾವೂ ಅವರ ಪರವಾಗಿ ಮಾಡಿಕೊಡಲಾರವು.